ಅಮ್ಮನ ಕಾಲಿಂದ ಚಪ್ಪಲಿ ಬಿದ್ದು ಹೋದ್ರೂ ಅವರಿಗೆ ಗೊತ್ತಾಗ್ತಿರ್ಲಿಲ್ಲ (ವಿಟಮಿನ್ ಬಿ12 ವಿಷಯ, ಉದ್ದ ಪೋಸ್ಟ್)

ಅಡಿಕೆಚಪ್ಪರ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನಮ್ಮಮ್ಮಂಗೆ 63 ವರ್ಷ, ತೀರ್ಥಹಳ್ಳಿ ಹತ್ರ ಮನೆ, ಹುಟ್ಟಿದಾಗಿಂದ ಸಸ್ಯಾಹಾರಿ. 12 ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತಿದಾರೆ, ಜೊತೆಗೆ ಎದೆಯುರಿ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸಿನ ಮಾತ್ರೆ, ಅದನ್ನ ಶುರು ಮಾಡಿದ್ದು ಒಂದು ತಿಂಗಳಿಗೆ ಅಂತ, ಈಗ ಆರೇಳು ವರ್ಷ ಆಯ್ತು, ನಿಲ್ಸಿ ಅಂತ ಯಾರೂ ಹೇಳಿಲ್ಲ ನಾವೂ ಕೇಳಿಲ್ಲ.

ಎರಡು ವರ್ಷದಿಂದ ಪಾದದಲ್ಲಿ ಜೋಮು, ಇರುವೆ ಹರಿದಂಗೆ ಆಗುತ್ತೆ ಅಂತಿದ್ರು. ಊರಲ್ಲಿ ತೋರಿಸಿದ್ವಿ, ಶುಗರ್ ಇರೋರಿಗೆ ಇದೆಲ್ಲ ಮಾಮೂಲಿ, ನರ ವೀಕ್ ಆಗಿದೆ ಅಂತ ಒಂದು ಬಿ ಕಾಂಪ್ಲೆಕ್ಸ್ ಮಾತ್ರೆ ಬರ್ಕೊಟ್ರು, ಒಂದು ವರ್ಷ ತಗೊಂಡ್ರು. ಹಿಮೋಗ್ಲೋಬಿನ್ 11.9 ಬಂತು, ರಕ್ತ ಚೆನ್ನಾಗಿದೆ ಅಂದ್ರು, ನಾವೂ ಸುಮ್ನಾದ್ವಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನು ನೋಡಿದ್ದು ಹೇಳ್ತೀನಿ. ಅಮ್ಮ ಅಂಗಳ ದಾಟಿ ಕೊಟ್ಟಿಗೆ ಕಡೆ ಹೋಗ್ತಿದ್ರು, ಎಡಗಾಲಿನ ಹವಾಯಿ ಚಪ್ಪಲಿ ಅಂಗಳದ ಮಧ್ಯದಲ್ಲೇ ಬಿದ್ದಿದೆ, ಅಮ್ಮ ಮಾತ್ರ ಒಂದು ಕಾಲಲ್ಲಿ ಚಪ್ಪಲಿ ಒಂದು ಬರಿಗಾಲು ಹಂಗೇ ಹತ್ತು ಹೆಜ್ಜೆ ಹೋಗಿಬಿಟ್ಟಿದಾರೆ. ನಾನು ಕೂಗಿದ ಮೇಲೆ ಕೆಳಗೆ ನೋಡ್ಕೊಂಡು "ಅಯ್ಯೋ ಬಿತ್ತಾ" ಅಂತ ನಕ್ಕರು. ನಂಗೆ ನಗು ಬರ್ಲಿಲ್ಲ. ಆಮೇಲೆ ಗಮನಿಸ್ತಾ ಹೋದ್ರೆ ಒಂದೊಂದೇ ಕಾಣಿಸ್ತು, ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ಹಂಡೆ ಕಡೆ ವಾಲ್ತಾರೆ, ರಾತ್ರಿ ಕರೆಂಟ್ ಹೋದ್ರೆ ಗೋಡೆ ಬಿಟ್ಟು ಒಂದು ಹೆಜ್ಜೆ ಇಡಲ್ಲ, ಬೆಳಕಿದ್ರೆ ಪರ್ವಾಗಿಲ್ಲ. ನೆಲದ ಮೇಲೆ ನಡೆದಂಗೇ ಇಲ್ಲ ಕಣೋ ಹತ್ತಿ ಹಾಸಿಗೆ ಮೇಲೆ ನಡೆದಂಗೆ ಅಂತಾರೆ.

ಶಿವಮೊಗ್ಗಕ್ಕೆ ಕರ್ಕೊಂಡು ಹೋದೆ. ಅಲ್ಲಿ ಡಾಕ್ಟ್ರು ಕಬ್ಬಿಣದ ಕವೆ ಥರದ್ದು ಒಂದು ತಗೊಂಡು ಮೇಜಿನ ಅಂಚಿಗೆ ತಟ್ಟಿ ಅಮ್ಮನ ಕಾಲಿನ ಗಿಣ್ಣಿನ ಮೂಳೆ ಮೇಲೆ ಇಟ್ಟು "ಗುಂಯ್ ಅನ್ನೋದು ನಿಂತ ತಕ್ಷಣ ಹೇಳಿ ಅಮ್ಮ" ಅಂದ್ರು. ಅಮ್ಮ ಸುಮ್ನೆ ಕೂತಿದಾರೆ. ಅರ್ಧ ನಿಮಿಷ ಆದ್ಮೇಲೆ ಡಾಕ್ಟ್ರು ನಿಂತಿಲ್ವಾ ಅಂತ ಕೇಳಿದ್ರೆ ಅಮ್ಮ "ಶುರುನೇ ಆಗ್ಲಿಲ್ವಲ್ಲ" ಅಂದ್ರು.

ಬಿ12 ಬಂದಿದ್ದು 112, 200 ಕೆಳಗಿದ್ರೆ ಕಮ್ಮಿ ಅಂತೆ. ಎಂಸಿವಿ (ಕೆಂಪು ರಕ್ತಕಣದ ಗಾತ್ರ) 104, ಇರ್ಬೇಕಾದ್ದಕ್ಕಿಂತ ದೊಡ್ಡದು. ಮಂಡಿಗೆ ಸುತ್ತಿಗೆ ತಟ್ಟಿದ್ರೆ ಕಾಲು ಜೋರಾಗಿ ಹಾರುತ್ತೆ, ಅಂಗಾಲು ಗೀರಿದ್ರೆ ಹೆಬ್ಬೆರಳು ಮೇಲಕ್ಕೆ ಎದ್ದೇಳುತ್ತೆ. ಎಂಆರ್‌ಐ ಅಲ್ಲಿ ಬೆನ್ನುಹುರಿ ಹಿಂಭಾಗದಲ್ಲಿ ಬಿಳಿ ಗೆರೆ. ಈಗ ಇಂಜೆಕ್ಷನ್ ಶುರು ಆಗಿ ಐದು ದಿನ. ಇದು ಪೂರ್ತಿ ವಾಪಸ್ ಬರುತ್ತಾ? ಯಾರ ಮನೇಲಾದ್ರೂ ಆಗಿದ್ರೆ ಹೇಳಿ ದಯವಿಟ್ಟು.

ತಾಲೂಕು ಡಾಕ್ಟರ್

ನಾನು ಫಿಸಿಷಿಯನ್, ಇಂಥ ಕೇಸು ತಿಂಗಳಿಗೆ ಒಂದೆರಡಾದ್ರೂ ನೋಡ್ತೀನಿ.

ಊರಿನ ಡಾಕ್ಟರನ್ನ ತೀರಾ ಬೈಬೇಡಿ, 12 ವರ್ಷ ಶುಗರ್ ಇರೋರು ಪಾದ ಜೋಮು ಅಂದ್ರೆ ಯಾರಿಗಾದ್ರೂ ಮೊದ್ಲು ನೆನಪಾಗೋದು ಶುಗರೇ. ಆದ್ರೆ ಬರೀ ಶುಗರಿಂದ ನರ ಹಾಳಾದ್ರೆ ಸುತ್ತಿಗೆ ತಟ್ಟಿದಾಗ ಕಾಲು ಹಾರೋದು ಕಮ್ಮಿ ಆಗ್ಬೇಕು. ನಿಮ್ಮಮ್ಮಂದು ಜಾಸ್ತಿ ಹಾರಿದೆ, ಹೆಬ್ಬೆರಳು ಮೇಲೆ ಎದ್ದಿದೆ, ಅಂದ್ರೆ ಪೆಟ್ಟು ಬಿದ್ದಿರೋದು ಬರೀ ಕಾಲಿನ ನರಕ್ಕಲ್ಲ, ಬೆನ್ನುಹುರಿಗೆ. ಬೆನ್ನುಹುರಿ ಹಿಂಭಾಗದಲ್ಲಿ ಮೇಲಕ್ಕೆ ಹೋಗೋ ನರದ ಕಟ್ಟುಗಳಿವೆ, ಕಾಲು ಎಲ್ಲಿದೆ, ಬೆರಳು ಮಡಚಿದೆಯೋ ಚಾಚಿದೆಯೋ, ಮೂಳೆ ಅದುರ್ತಿದೆಯೋ ಅನ್ನೋ ಸುದ್ದಿ ಮಿದುಳಿಗೆ ಮುಟ್ಟಿಸೋದು ಅವೇ. ಬಿ12 ಕಮ್ಮಿ ಆದ್ರೆ ಮೊದ್ಲು ಏಟು ತಿನ್ನೋದೂ ಹೆಚ್ಚಾಗಿ ಅವೇ. ಆ ಸುದ್ದಿ ನಿಂತಾಗ ಮನುಷ್ಯ ಕಣ್ಣಲ್ಲಿ ನೋಡ್ಕೊಂಡು ನಡೀತಾನೆ, ಅದಕ್ಕೇ ಬೆಳಕಲ್ಲಿ ಸರಿ, ಕತ್ತಲಲ್ಲಿ ಗೋಡೆ. ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲಿದ್ರು ಅಂದ್ರಲ್ಲ, ನಾವು ಕ್ಲಿನಿಕ್‌ನಲ್ಲಿ ಪಾದ ಜೋಡ್ಸಿ ನಿಲ್ಸಿ ಕಣ್ಣು ಮುಚ್ಸಿ ನೋಡೋದೂ ಅದನ್ನೇ, ನಿಮ್ಮ ಬಚ್ಚಲುಮನೆ ಅದನ್ನ ನಮಗಿಂತ ಮುಂಚೆ ಮಾಡಿದೆ.

ನರದ ಸುತ್ತ ಮೈಲಿನ್ ಅಂತ ಒಂದು ಕೊಬ್ಬಿನ ಹೊದಿಕೆ ಇರುತ್ತೆ, ಸುದ್ದಿ ಬೇಗ ಓಡೋದೇ ಅದರಿಂದ. ಅದನ್ನ ಕಟ್ಟೋಕೂ ರಿಪೇರಿ ಮಾಡೋಕೂ ಬಿ12 ಬೇಕು. ಇಲ್ಲದಿದ್ರೆ ಮೊದ್ಲು ಹೊದಿಕೆ ಊದಿಕೊಂಡು ಬಿಡಿಬಿಡಿ ಆಗುತ್ತೆ, ಆಮೇಲೆ ಒಳಗಿನ ತಂತೇ ಹೋಗುತ್ತೆ. ಹೊದಿಕೆ ಮಾತ್ರ ಹೋಗಿದ್ರೆ ವಾಪಸ್ ಬರುತ್ತೆ, ತಂತು ಹೋಗಿದ್ರೆ ಕಷ್ಟ. ಅದಕ್ಕೇ ಎಷ್ಟು ಬೇಗ ಹಿಡಿದ್ವಿ ಅನ್ನೋದರ ಮೇಲೆ ನಿಂತಿದೆ ಎಲ್ಲ. ಸುಧಾರಿಸೋದ್ರಲ್ಲಿ ದೊಡ್ಡ ಪಾಲು ಮೊದಲ ಮೂರರಿಂದ ಆರು ತಿಂಗಳಲ್ಲಿ ಕಾಣಿಸ್ಕೊಳ್ಳುತ್ತೆ.

ಇನ್ನೊಂದು, ಆ ಬಿ ಕಾಂಪ್ಲೆಕ್ಸ್ ಪಟ್ಟಿ ಹಿಂದೆ ಫೋಲಿಕ್ ಆಸಿಡ್ ಅಂತ ಇದೆಯಾ ನೋಡಿ.

ಪಂಪ್‌ಸೆಟ್ ಪರಮೇಶಿ

ಅಂದ್ರೆ ತೋಟದ ಪಂಪ್‌ಸೆಟ್ ಕೇಬಲ್ಲು ಇಲಿ ಕಡಿದಂಗೆ ಅಂತೀರಾ ಡಾಕ್ಟ್ರೇ. ಒಂದೊಂದ್ಸಲ ಮೋಟ್ರು ಓಡುತ್ತೆ ಒಂದೊಂದ್ಸಲ ಗುರ್ ಅಂತ ನಿಲ್ಲುತ್ತೆ, ನಾವು ಮೋಟ್ರು ಬಿಚ್ಚಿ ನೋಡ್ತೀವಿ, ಹಾಳಾಗಿರೋದು ಮಧ್ಯದಲ್ಲಿ.

ತಾಲೂಕು ಡಾಕ್ಟರ್

ಹೂಂ ಹೆಚ್ಚುಕಮ್ಮಿ ಅದೇ. ಎಷ್ಟೋ ಜನ ಮಂಡಿಗೆ ಎಕ್ಸ್‌ರೇ, ಸೊಂಟಕ್ಕೆ ಬೆಲ್ಟು ಎಲ್ಲ ಆದ್ಮೇಲೇ ನಮ್ಮತ್ರ ಬರೋದು.

ಅಡಿಕೆಚಪ್ಪರ

ನೋಡಿದೆ, ಫೋಲಿಕ್ ಆಸಿಡ್ 1.5 ಮಿಲಿಗ್ರಾಂ, ಬಿ12 15 ಮೈಕ್ರೋಗ್ರಾಂ ಅಂತಿದೆ. ಅಂದ್ರೆ ಒಂದು ವರ್ಷ ಬಿ12 ತಗೊಂಡೇ 112 ಬಂತಾ?? ತಲೆ ಕೆಟ್ಟೋಯ್ತು.

ತಾಲೂಕು ಡಾಕ್ಟರ್

ಅದೇ ನಂಗೆ ಅನುಮಾನ ಇದ್ದಿದ್ದು. ಊಟದಲ್ಲಿರೋ ಬಿ12 ಪ್ರೋಟೀನಿಗೆ ಅಂಟ್ಕೊಂಡಿರುತ್ತೆ, ಅದನ್ನ ಬಿಡಿಸೋಕೆ ಹೊಟ್ಟೆಯ ಆಸಿಡ್ ಬೇಕು, ಗ್ಯಾಸಿನ ಮಾತ್ರೆ ಆ ಆಸಿಡ್ಡನ್ನೇ ತಗ್ಗಿಸುತ್ತೆ. ಬಿಡಿಸಿದ ಮೇಲೆ ಹೊಟ್ಟೆಯ ಗೋಡೆಯಿಂದಲೇ ಬರೋ ಒಂದು ಪ್ರೋಟೀನು ಅದನ್ನ ಕೈ ಹಿಡ್ದು ಸಣ್ಣ ಕರುಳಿನ ಕೊನೇ ತನಕ ಕರ್ಕೊಂಡು ಹೋಗ್ಬೇಕು, ಹೀರಿಕೊಳ್ಳೋದು ಅಲ್ಲೇ, ಮೆಟ್‌ಫಾರ್ಮಿನ್ ಅಡ್ಡಗಾಲು ಹಾಕೋದೂ ಅಲ್ಲೇ. ಈ ದಾರಿ ಕೆಟ್ಟೋರಿಗೆ ಬಾಯಿಂದ ಕೊಟ್ಟಿದ್ದು ನೂರರಲ್ಲಿ ಒಂದು ಪಾಲು ಮಾತ್ರ ತಾನಾಗೇ ಒಳಗೆ ಇಳಿಯುತ್ತೆ. 15 ರಲ್ಲಿ ನೂರನೇ ಒಂದು ಪಾಲು ಎಷ್ಟಾಯ್ತು ಲೆಕ್ಕ ಹಾಕಿ, ದಿನಕ್ಕೆ ಬೇಕಾಗಿರೋದು ಎರಡೂವರೆ ಮೈಕ್ರೋಗ್ರಾಂ ಹತ್ರ. ಅದಕ್ಕೇ ಬಾಯಿಂದ ಕೊಡೋದಾದ್ರೆ 1000 ಮೈಕ್ರೋಗ್ರಾಂ ಮಾತ್ರೆ ಕೊಡೋದು. ನರಕ್ಕೆ ತಗುಲಿದೆ ಅಂದ್ರೆ ಮಾತ್ರೆ ನಂಬ್ಕೊಂಡು ಕೂರಲ್ಲ, ಮೊದ್ಲು ಇಂಜೆಕ್ಷನ್ನೇ.

ಇನ್ನು ಫೋಲಿಕ್ ಆಸಿಡ್. ರಕ್ತ ತಯಾರಾಗೋ ಜಾಗದಲ್ಲಿ ಬಿ12 ಮಾಡೋ ಕೆಲಸನ ಇದು ಅಷ್ಟೋ ಇಷ್ಟೋ ತೂಗಿಸ್ಕೊಂಡು ಹೋಗುತ್ತೆ, ನರದ ಕೆಲಸ ಮಾಡಲ್ಲ. ಹಂಗಾಗಿ ಹಿಮೋಗ್ಲೋಬಿನ್ ಚೆನ್ನಾಗೇ ಕಾಣುತ್ತೆ, ಒಳಗೆ ಬೆನ್ನುಹುರಿ ಸವೀತಾ ಇರುತ್ತೆ. ಫೋಲಿಕ್ ಇಲ್ಲದೆನೂ ಕೆಲವರಿಗೆ ರಕ್ತ ಸರಿ ಇದ್ದು ನರ ಮಾತ್ರ ಹೋಗಿರುತ್ತೆ ಅನ್ನಿ. "ರಕ್ತ ಚೆನ್ನಾಗಿದೆ" ಅನ್ನೋ ಮಾತಿಂದ ನರದ ಬಗ್ಗೆ ಏನೂ ಗೊತ್ತಾಗಲ್ಲ.

ಸತ್ಯವಾನ್_1962

ಕ್ಷಮಿಸಿ, ನಂಗೆ ಇದೆಲ್ಲ ಲ್ಯಾಬಿನೋರ ದಂಧೆ ಅನ್ಸುತ್ತೆ. ನಮ್ಮಜ್ಜಿ 91 ವರ್ಷ ಬದುಕಿದ್ರು ಒಂದು ಮೊಟ್ಟೆ ಮುಟ್ಟಿದೋರಲ್ಲ, ಬಿ12 ಅನ್ನೋ ಹೆಸರೇ ಕೇಳಿರ್ಲಿಲ್ಲ, ಕೊನೇ ವರ್ಷದ ತನಕ ಬಾವಿಯಿಂದ ನೀರು ಸೇದಿದಾರೆ. ಈಗ ಯಾರನ್ನ ಕೇಳಿದ್ರೂ ಬಿ12 ಕಮ್ಮಿ ಡಿ ಕಮ್ಮಿ. ಇಡ್ಲಿ ಹಿಟ್ಟು ಹುದುಗಿದ್ರೆ ಬರಲ್ವಾ ಬಿ12? ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಅಂತ ನಾನೇ ಓದಿದೀನಿ.

ತಾಲೂಕು ಡಾಕ್ಟರ್

ಸಾರ್ ನಿಮ್ಮಜ್ಜಿ ಮನೇಲಿ ಹಸು ಇತ್ತಾ?

ಸತ್ಯವಾನ್_1962

ಮೂರಿದ್ವು. ಯಾಕೆ?

ತಾಲೂಕು ಡಾಕ್ಟರ್

ಅದೇ ಉತ್ತರ ಸಾರ್. ದೊಡ್ಡ ಲೋಟದ ತುಂಬ ಹಾಲಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ12 ಇರುತ್ತೆ, ಮೂರು ಹಸು ಇದ್ದ ಮನೇಲಿ ಹಾಲು ಗಟ್ಟಿ ಮೊಸರು ಎಲ್ಲ ಸೇರಿ ದಿನದ ಲೆಕ್ಕ ತುಂಬ್ತಿತ್ತು. ಈಗ ಸಸ್ಯಾಹಾರಿ ಅಂದ್ರೂ ಹಾಲು ಅಂದ್ರೆ ಎರಡು ಕಾಫಿಗೆ ಹಾಕೋ ಅರ್ಧ ಲೋಟ, ಮೊಸರು ಅಂದ್ರೆ ನೀರು ಮಜ್ಜಿಗೆ. ಅವರು ಗ್ಯಾಸಿನ ಮಾತ್ರೆನೂ ತಿಂದಿರಲ್ಲ ಮೆಟ್‌ಫಾರ್ಮಿನ್ನೂ ತಿಂದಿರಲ್ಲ. ಇಡ್ಲಿ ಹಿಟ್ಟನ್ನ ಬಿ12 ಗೆ ನಂಬೋ ಹಂಗಿಲ್ಲ. ಸ್ಪಿರುಲಿನಾದಲ್ಲಿರೋದು ಬಹುಪಾಲು ಬಿ12 ಥರ ಕಾಣೋ ಬೇರೆ ವಸ್ತು, ನಮ್ಮ ಮೈಗೆ ಅದು ಉಪಯೋಗಕ್ಕೆ ಬರಲ್ಲ.

ಇನ್ನೊಂದು ವಿಷಯ ಜನರನ್ನ ಯಾಮಾರಿಸೋದು ಏನಂದ್ರೆ ಲಿವರಲ್ಲಿ ಕೆಲವು ವರ್ಷಕ್ಕಾಗೋಷ್ಟು ಬಿ12 ದಾಸ್ತಾನಿರುತ್ತೆ. ಒಳಗೆ ಬರೋದು ನಿಂತು ವರ್ಷಗಳಾದ್ಮೇಲೇ ಉಗ್ರಾಣ ಖಾಲಿ ಆಗೋದು, ಅಷ್ಟೊತ್ತಿಗೆ ಯಾವಾಗ ಶುರುವಾಯ್ತು ಅನ್ನೋದೇ ಮರ್ತೋಗಿರುತ್ತೆ.

ಜೋಳದ ರೊಟ್ಟಿ

ನಾ ಅಂಗನವಾಡ್ಯಾಗ ಕೆಲಸ ಮಾಡತೀನ್ರಿ, ಧಾರವಾಡ ಕಡೆ. ದೊಡ್ಡವರದು ಎಲ್ಲಾರೂ ಹೇಳಾಕತ್ತೀರಿ, ಕೂಸುಗಳದು ಯಾರೂ ಹೇಳವಲ್ರಿ ಅದಕ್ಕ ಬರಿಯಾಕತ್ತೀನಿ.

ಹಿಂದ ಒಂದು ಕೂಸು ಇತ್ರೀ ಒಂಬತ್ತು ತಿಂಗಳದ್ದು, ನೋಡಾಕ ದುಂಡಗ ಇತ್ತು, ತೂಕಾನೂ ಛಲೋ ಬರ್ತಿತ್ತು, ನಾವೆಲ್ಲ ಗುಂಡಪ್ಪ ಗುಂಡಪ್ಪ ಅಂತಿದ್ವಿ. ಆದ್ರ ಮಾರಿ ಬಿಳಚಿಕೊಂಡಿತ್ತು, ಕೂದಲ ತೆಳ್ಳಗ ಕೆಂಚಗ, ಬೆರಳಿನ ಗೆಣ್ಣು ಮಾತ್ರ ಕರ್ರಗ ಆಗಿದ್ವು. ಐದಾರು ತಿಂಗಳದಾಗ ನಗತಿತ್ತು, ಕರದ್ರ ಹೊಳ್ಳಿ ನೋಡತಿತ್ತು, ಕುತಿಗಿ ನಿಂತಿತ್ತು. ಆಮ್ಯಾಲ ಒಂದೊಂದ ಬಿಟ್ಟಕೋತ ಬಂತು. ನಗೂದು ಬಿಟ್ಟತು, ಆಟಿಗಿ ಸಾಮಾನು ಮುಂದ ಹಿಡದ್ರ ನೋಡೂದಿಲ್ಲ, ಸುಮ್ನ ಮಲಗಿರತಿತ್ತು. ಅವರತ್ತಿ "ಭಾಳ ಶಾಣ್ಯಾ ಕೂಸರೀ, ಅಳೂದ ಇಲ್ಲ" ಅನ್ನಾಕಿ. ಒಂದಿನ ಕೈ, ಗದ್ದ ನಡಗಾಕ ಹತ್ತಿದ್ವು, ಆವಾಗ ದೊಡ್ಡಾಸ್ಪತ್ರಿಗೆ ಓಡಿದ್ರು.

ಅಲ್ಲೆ ತಾಯಿದೂ ರಕ್ತ ತಗೊಂಡ್ರಂತ, ತಾಯಿದ ಬಿ12 ತಳಾ ಮುಟ್ಟಿತ್ತು. ಕೂಸು ಬರೇ ಎದಿಹಾಲಿನ ಮ್ಯಾಲ ಇತ್ತು, ತಾಯ್ಯಾಗ ಇಲ್ಲಂದ್ರ ಹಾಲಿನ್ಯಾಗ ಎಲ್ಲಿಂದ ಬರಬೇಕ್ರಿ. ಮನ್ಯಾಗ ಎರಡು ಎಮ್ಮಿ ಅದಾವ, ಹಾಲೆಲ್ಲ ಡೇರಿಗೆ ಹಾಕತಾರ, ಆಕಿಗೆ ಸಿಗೂದು ಚಾದಾಗಿನ ಎರಡು ಚಮಚ. ಇಂಜೆಕ್ಷನ್ ಚಾಲೂ ಮಾಡಿದ ಒಂದು ವಾರದಾಗ ಕೂಸು ಮಾರಿ ನೋಡಿ ನಕ್ಕತ್ರೀ. ನಡಗೂದು ಹೋಗಾಕ ಮಾತ್ರ ಇನ್ನೂ ಟೈಮ್ ಹಿಡೀತು. ಈಗ ಸಾಲಿಗೆ ಹೊಂಟೈತಿ, ಮಾತು ಸ್ವಲ್ಪ ತಡಾ ಆತು.

ತಾಲೂಕು ಡಾಕ್ಟರ್

ಅಕ್ಕ ನೀವು ಬರ್ದಿದ್ದು ಪುಸ್ತಕದಲ್ಲಿ ಇದ್ದಂಗೇ ಇದೆ. ದುಂಡಗಿರೋ ಬಿಳಚಿದ ಮಗು, ಕಪ್ಪು ಗೆಣ್ಣು, ಕಲಿತಿದ್ದು ಬಿಟ್ಟುಬಿಡೋದು, ಆಮೇಲೆ ನಡುಕ. ನಮ್ಮ ದೇಶದ ಮಕ್ಕಳ ಡಾಕ್ಟ್ರುಗಳು ಇದಕ್ಕೆ ನಡುಕದ ಹೆಸರೇ ಇಟ್ಟಿದಾರೆ, ಇನ್‌ಫಂಟೈಲ್ ಟ್ರೆಮರ್ ಸಿಂಡ್ರೋಮ್ ಅಂತ. ನಡುಕ ಬರೋ ತನಕ ಕಾಯೋದೇ ತಪ್ಪು, "ಅಳೋದೇ ಇಲ್ಲ ಜಾಣ ಮಗು" ಅಂದಾಗಲೇ ತೋರಿಸ್ಬೇಕು.

ಒಂದು ಮಾತು, ನಾನು ಮೇಲೆ ಫೋಲಿಕ್ ಆಸಿಡ್ ಬಗ್ಗೆ ಹೇಳಿದ್ದು ಓದಿ ಬಸುರಿಯರು ಸರ್ಕಾರಿ ಕಬ್ಬಿಣಾಂಶದ ಮಾತ್ರೆ (ಅದರಲ್ಲೂ ಫೋಲಿಕ್ ಇರುತ್ತೆ) ನಿಲ್ಸಬೇಡಿ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳೋದು ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲಿ, ಬಸುರಿ ಅಂತ ಗೊತ್ತಾಗೋದ್ರೊಳಗೇ, ಅದಕ್ಕೆ ಫೋಲಿಕ್ ಬೇಕೇ ಬೇಕು, 1991 ರಲ್ಲೇ ದೊಡ್ಡ ಪ್ರಯೋಗದಲ್ಲಿ ರುಜುವಾತಾಗಿದೆ. ಫೋಲಿಕ್ ಕೆಟ್ಟದ್ದಲ್ಲ, ಬಿ12 ಕಮ್ಮಿ ಇರೋರಿಗೆ ಅದೊಂದನ್ನೇ ಕೊಡೋದು ತಪ್ಪು.

ಶಾಂತಕ್ಕ

ನಮ್ಮ ಕಡೆ ರೇಷನ್ ಅಕ್ಕಿಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತೆ ಅಂತ ಒಂದೊಂದೇ ಕಾಳು ಆರಿಸಿ ಬಿಸಾಕ್ತಿದ್ವಿ, ಆಮೇಲೆ ಗೊತ್ತಾಯ್ತು ಅದು ಪ್ಲಾಸ್ಟಿಕ್ ಅಲ್ಲ, ವಿಟಮಿನ್ ಬೆರೆಸಿದ ಕಾಳು ಅಂತೆ. ಅದ್ರಲ್ಲಿ ಬಿ12 ಇತ್ತಂತೆ ಹೌದಾ? ಎಷ್ಟು ಬಿಸಾಕಿದೀನೋ ದೇವರೇ.

ತಾಲೂಕು ಡಾಕ್ಟರ್

ಹೌದು, ನೂರು ಕಾಳಿಗೆ ಒಂದು ಕಾಳಿನ ಲೆಕ್ಕದಲ್ಲಿ ಬೆರೆಸಿದ್ದು, ಕಬ್ಬಿಣ ಫೋಲಿಕ್ ಬಿ12. ಆದ್ರೆ ಒಂದು ಕೆಜಿ ಅಕ್ಕಿಗೆ ಬಿ12 ಬರೋದು 1 ಮೈಕ್ರೋಗ್ರಾಂ ಆಸುಪಾಸು ಅಷ್ಟೇ, ಹಂಗಾಗಿ ಕೊರಗಬೇಡಿ, ಮುಂದೆ ಸಿಕ್ಕಿದ್ರೆ ಬಿಸಾಕಬೇಡಿ.

ಗಂಜಿ ಉಪ್ಪಿನಕಾಯಿ

ಅಕ್ಕಿ ಮಾತು ಬಂತಲ್ಲ ಹಾಗಾಗಿ ಹೇಳ್ತೇನೆ. ನಮ್ಮ ಊರಲ್ಲಿ ಕುಚ್ಚಲಕ್ಕಿ ಉಂಟಲ್ಲ ಮಾರಾಯ್ರೆ, ಭತ್ತ ಬೇಯಿಸಿ ಒಣಗಿಸಿ ಮತ್ತೆ ಗಿರಣಿಗೆ ಹಾಕುವುದು, ಬೇಯಿಸುವಾಗ ಮೇಲಿನ ತವುಡಿನಲ್ಲಿರುವ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಮತ್ತೆ ಪಾಲಿಶ್ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯನ್ನು ಹಾಲಿನ ಹಾಗೆ ಬಿಳಿ ಮಾಡಿ, ನಾಲ್ಕು ನೀರು ತೊಳೆದು, ಗಂಜಿ ಬಸಿದು ಚೆಲ್ಲಿದರೆ ಬಿ1 ಹೋಯಿತು.

ಜಾವಾದಲ್ಲಿ 1890 ರ ಹೊತ್ತಿಗೆ ಐಕ್‌ಮನ್ ಅಂತ ಒಬ್ಬ ಡಚ್ ಡಾಕ್ಟರ್ ಇದ್ದ. ಅವನು ಸಾಕಿದ ಕೋಳಿಗಳೆಲ್ಲ ಕಾಲು ಬಿದ್ದು ನಡೆಯಲಿಕ್ಕೆ ಆಗದೆ ಕೂತವು, ಬೆರಿಬೆರಿ (ಬಿ1 ಕಮ್ಮಿ ಆಗಿ ಬರುವ ಕಾಯಿಲೆ) ಬಂದ ಮನುಷ್ಯರ ಹಾಗೆಯೇ. ನೋಡಿದರೆ ಅವಕ್ಕೆ ಹಾಕ್ತಿದ್ದದ್ದು ಮಿಲಿಟರಿ ಆಸ್ಪತ್ರೆ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ. ಹೊಸ ಅಡುಗೆಯವ ಬಂದವನು ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಯಾಕೆ ಅಂತ ನಿಲ್ಲಿಸಿದ, ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿತು, ಎದ್ದು ಓಡಿದವು! ಒಬ್ಬ ಅಡುಗೆಯವನ ಜಿಪುಣತನದಿಂದ ಹಿಡಿದ ಎಳೆ ಅದು, 1929 ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಸಿಗಲಿಲ್ಲ ಪಾಪ.

ನಾನು ಇದನ್ನು ಯಾಕೆ ಓದಿದ್ದು ಅಂದರೆ ನಮ್ಮ ಮಾವ. ಕುಡಿಯುತ್ತಿದ್ದರು, ಊಟ ಇಲ್ಲ. ಒಂದು ದಿನ ಕಣ್ಣುಗುಡ್ಡೆ ತಿರುಗುವುದಿಲ್ಲ, ಹೆಜ್ಜೆ ನಿಲ್ಲುವುದಿಲ್ಲ, ಯಾರು ಏನು ಅಂತ ಗೊತ್ತಾಗುವುದಿಲ್ಲ. ಬಿ1 ಪೂರ್ತಿ ಖಾಲಿ ಆಗಿ ಮಿದುಳಿಗೆ ಪೆಟ್ಟು ಅಂತ ಹೇಳಿದರು, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ಬಿ1 ಇಂಜೆಕ್ಷನ್ ಕೊಟ್ಟರು. ಕಣ್ಣು ಎರಡೇ ದಿನದಲ್ಲಿ ಸರಿ ಆಯಿತು. ನೆನಪು ಮಾತ್ರ ಬರಲಿಲ್ಲ. ಈಗಲೂ ಬೆಳಿಗ್ಗೆ ಏನು ತಿಂಡಿ ಮಾವ ಅಂತ ಕೇಳಿದರೆ "ಗೋಳಿಬಜೆ, ನಿಮ್ಮ ಅತ್ತೆ ಬಿಸಿ ಬಿಸಿ ಮಾಡಿದ್ದಳು" ಅಂತ ಚಂದ ಮಾಡಿ ಹೇಳ್ತಾರೆ. ಮನೆಯಲ್ಲಿ ಮಾಡಿದ್ದು ಉಪ್ಪಿಟ್ಟು, ಅತ್ತೆ ತೀರಿಹೋಗಿ ನಾಲ್ಕು ವರ್ಷ. ಸುಳ್ಳು ಹೇಳುವುದಲ್ಲ ಅವರು, ಖಾಲಿ ಜಾಗಕ್ಕೆ ಮಿದುಳು ಏನೋ ತುಂಬಿಸಿ ಕೊಡ್ತದೆ.

ತಾಲೂಕು ಡಾಕ್ಟರ್

ಗ್ಲೂಕೋಸ್ ಮುಂಚೆ ಬಿ1 ಕೊಟ್ಟಿದ್ದು ಸರಿ, ಗ್ಲೂಕೋಸ್ ಕರಗಿಸೋಕೆ ಮೈಗೆ ಬಿ1 ಬೇಕು, ಉಳಿದಿರೋ ಚೂರನ್ನೂ ಅದು ಎಳ್ಕೊಂಡ್ರೆ ಮಿದುಳಿಗೆ ಇನ್ನೂ ಕಷ್ಟ. ಇದು ಬರೀ ಕುಡಿಯೋರ ಕಾಯಿಲೆ ಅನ್ಕೋಬೇಡಿ. ಬಸುರಿಯಲ್ಲಿ ವಾರಗಟ್ಲೆ ವಾಂತಿ ಆಗಿ ಏನೂ ನಿಲ್ಲದೇ ಇರೋರಿಗೆ, ತೂಕ ಇಳಿಸೋ ಆಪರೇಷನ್ ಆಗಿ ವಾಂತಿ ಮಾಡ್ಕೊಳ್ಳೋರಿಗೂ ಆಗುತ್ತೆ. ಕಾಶ್ಮೀರದಲ್ಲಿ ಪಾಲಿಶ್ ಅಕ್ಕಿ ಊಟ, ಜೊತೆಗೆ ಬಾಣಂತಿ ಪಥ್ಯ, ಇಂಥ ತಾಯಂದಿರ ಎಳೆ ಮಕ್ಕಳಿಗೆ ಬಿ1 ಕೊರತೆ ಆಗಿ ಐಸಿಯು ಸೇರಿರೋದನ್ನ ಅಲ್ಲಿನ ಡಾಕ್ಟ್ರುಗಳು ಬರ್ದಿದಾರೆ. ನಮ್ಮಲ್ಲೂ ಬಾಣಂತಿಗೆ ಅದು ನಂಜು ಇದು ಶೀತ ಅಂತ ಬರೀ ಅನ್ನ ಮೆಣಸಿನ ಸಾರಲ್ಲಿ ತಿಂಗಳು ತಳ್ಳೋರಿದಾರೆ. ನಂಗೆ ಇದರ ಬಗ್ಗೆ ಸಿಟ್ಟಿದೆ, ಇನ್ನೊಂದಿನ ಬರೀತೀನಿ.

ಜಿಮ್ ಮಂಜ

ನಂದೊಂದು ಡೌಟ್. ಈ ಥ್ರೆಡ್ ನೋಡಿ ಭಯ ಆಯ್ತು ಯಾಕಂದ್ರೆ ನಂಗೂ ಬೆರಳ ತುದಿ ಪಾದ ಎರಡೂ ಜುಮ್ ಅಂತಿದೆ ಎರಡು ಮೂರು ತಿಂಗಳಿಂದ. ಆದ್ರೆ ನಾನು ದಿನಾ ಮೊಟ್ಟೆ ಚಿಕನ್ ತಿಂತೀನಿ, ಮೇಲಿಂದ ಒಂದು ವರ್ಷದಿಂದ ಬಿ6 100 ಮಿಲಿಗ್ರಾಂ ದಿನಾ ಎರಡು ತಗೋತಿದೀನಿ ವಿಡಿಯೋ ನೋಡಿ ಶುರು ಮಾಡಿದ್ದು. ನಂಗೆ ಹೆಂಗೆ ವಿಟಮಿನ್ ಕಮ್ಮಿ ಆಗುತ್ತೆ? ಡೋಸ್ ಇನ್ನೂ ಜಾಸ್ತಿ ಮಾಡ್ಬೇಕಾ

ತಾಲೂಕು ಡಾಕ್ಟರ್

ತಮ್ಮಾ ಮೊದ್ಲು ಆ ಮಾತ್ರೆ ಕೆಳಗಿಡು. ದಿನಕ್ಕೆ ಬೇಕಾಗಿರೋದು 2 ಮಿಲಿಗ್ರಾಂ ಹತ್ರ, ನೀನು ತಗೋತಿರೋದು 200. ಬಿ6 ವಿಚಿತ್ರ ವಿಟಮಿನ್, ಕಮ್ಮಿ ಆದ್ರೂ ನರ ಹಾಳು, ತಿಂಗಳಗಟ್ಲೆ ಜಾಸ್ತಿ ತಗೊಂಡ್ರೂ ನರ ಹಾಳು, ಎರಡರಲ್ಲೂ ಶುರುವಾಗೋದು ಇದೇ ಜುಮ್ಮು. ಬಿ ವಿಟಮಿನ್ ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ ಬಿಡು ಅನ್ನೋ ಮಾತು ಇದಕ್ಕೆ ನಡೆಯಲ್ಲ. ನಿಲ್ಸಿದ್ರೆ ಬಹಳ ಜನಕ್ಕೆ ನಿಧಾನಕ್ಕೆ ಸರಿ ಹೋಗುತ್ತೆ. ಆದ್ರೂ ಹತ್ರದ ಡಾಕ್ಟರಿಗೆ ತೋರ್ಸು, ಡಬ್ಬಿ ಜೊತೆಲೇ ತಗೊಂಡೋಗು.

ಉಳಿದವರಿಗೆ, ಟಿಬಿಗೆ ಐಸೋನಿಯಾಜಿಡ್ ತಗೊಳ್ಳೋರಿಗೆ ಡಾಕ್ಟ್ರು ಜೊತೆಗೆ ಬಿ6 ಕೊಟ್ಟಿರ್ತಾರೆ, ಆ ಔಷಧಿ ಬಿ6 ನ ಕಳೆಯುತ್ತೆ ಅಂತ. ಅದು ಸಣ್ಣ ಡೋಸು, ಇದನ್ನ ಓದಿ ಹೆದರಿ ಅದನ್ನ ಬಿಟ್ಟುಬಿಡಬೇಡಿ ಮತ್ತೆ.

ಅಡ್ಮಿನ್

ಇಲ್ಲಿ ಡೋಸ್ ಕೇಳ್ಬೇಡಿ, ರಿಪೋರ್ಟ್ ಫೋಟೋ ಹಾಕ್ಬೇಡಿ. ಈಗಾಗ್ಲೇ ಎರಡು ಡಿಲೀಟ್ ಮಾಡಿದೀನಿ.

ಲ್ಯಾಬ್ ಹುಡುಗಿ

ಸತ್ಯವಾನ್ ಸಾರ್ ದಂಧೆ ಅಂದ್ರಿ ಅದಕ್ಕೆ ಲ್ಯಾಬಿನ ಕಡೆಯಿಂದ ಒಂದು ಮಾತು. ನಮ್ಮತ್ರ ಬರೋರಲ್ಲಿ ಎಷ್ಟೋ ಜನ ಮೊದ್ಲು ಮೆಡಿಕಲ್ ಶಾಪಲ್ಲಿ ಎರಡು ಮೂರು ಬಿ12 ಇಂಜೆಕ್ಷನ್ ಹಾಕಿಸ್ಕೊಂಡು, ಸರಿ ಹೋಗ್ಲಿಲ್ಲ ಅಂತ ಆಮೇಲೆ ರಕ್ತ ಕೊಡೋಕೆ ಬರ್ತಾರೆ. ಆಗ ಬಿ12 ಅಳತೆನೇ ದಾಟಿ 2000 ಮೇಲೆ ಅಂತ ಬರುತ್ತೆ, ಮೊದ್ಲು ಎಷ್ಟಿತ್ತು ಯಾರಿಗೂ ಗೊತ್ತಾಗಲ್ಲ. ದಯವಿಟ್ಟು ರಕ್ತ ಮೊದ್ಲು ಕೊಡಿ, ಆ ಕೆಂಪು ಇಂಜೆಕ್ಷನ್ ಸಂಜೆ ಬೇಕಾದ್ರೆ ಹಾಕಿಸ್ಕೊಳ್ಳಿ. 200 ಕೆಳಗೆ ಬಂದ್ರೆ ಸ್ಪಷ್ಟ, 200 ರಿಂದ 300 ಮಧ್ಯೆ ಬಂದ್ರೆ ಗೊಂದಲ, ಆವಾಗ ಹೋಮೋಸಿಸ್ಟೀನ್ ಇಲ್ಲಾ ಎಂಎಂಎ (ಮೀಥೈಲ್ ಮಲೋನಿಕ್ ಆಸಿಡ್) ಅನ್ನೋ ಟೆಸ್ಟ್ ಬರೀತಾರೆ, ಬಿ12 ಕೆಲಸ ಮಾಡ್ತಿಲ್ಲ ಅಂದ್ರೆ ಅವೆರಡೂ ಏರಿರುತ್ತೆ.

ಥೇಮ್ಸ್ ದಡದ ನರ್ಸು

ಲ್ಯಾಬ್ ಹುಡುಗಿ ಹೇಳಿದ್ದಕ್ಕೆ ಸೇರಿಸ್ತೀನಿ. ನಾನು ಲಂಡನ್‌ನಲ್ಲಿ ನರ್ಸು, ಮೂಲ ಹಾಸನ. ಇಲ್ಲಿ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗ್ರು ನಡೆಯೋಕಾಗದೆ ವೀಲ್‌ಚೇರಲ್ಲಿ ಬರ್ತಾರೆ, ಪಕ್ಕಾ ಮಾಂಸಾಹಾರಿಗಳು. ಕಾರಣ ಬಲೂನು. ಕ್ರೀಮ್ ನೊರೆ ಮಾಡೋಕೆ ಬಳಸೋ ನೈಟ್ರಸ್ ಆಕ್ಸೈಡ್ ಸಿಲಿಂಡರ್ ತಗೊಂಡು ಬಲೂನಿಗೆ ತುಂಬ್ಸಿ ಎಳೀತಾರೆ ನಶೆಗೆ. ಬಿ12 ಮಧ್ಯದಲ್ಲಿ ಒಂದು ಕೋಬಾಲ್ಟ್ ಇರುತ್ತೆ, ಅದು ಕೆಂಪಗಿರೋದ್ರಲ್ಲೂ ಅದರ ಪಾಲಿದೆ, ಈ ಗ್ಯಾಸು ಆ ಕೋಬಾಲ್ಟನ್ನೇ ಕೆಡಿಸುತ್ತೆ. ಮೈಯಲ್ಲಿ ಬಿ12 ಇರುತ್ತೆ, ರಿಪೋರ್ಟಲ್ಲಿ ನಾರ್ಮಲ್ ಅಂತಲೂ ಬರಬಹುದು, ಕೆಲಸಕ್ಕೆ ಬರಲ್ಲ. ಎಂಆರ್‌ಐ ತೆಗೆದ್ರೆ ತೀರ್ಥಹಳ್ಳಿ ಅಮ್ಮನಿಗೆ ಬಂದಿರೋ ಅದೇ ಬಿಳಿ ಗೆರೆ ಅದೇ ಜಾಗದಲ್ಲಿ. 2023 ನವೆಂಬರಿಂದ ಇಲ್ಲಿ ನಶೆಗೆ ಅಂತ ಅದನ್ನ ಇಟ್ಕೊಳ್ಳೋದೇ ಅಪರಾಧ ಮಾಡಿದಾರೆ, ಇಂಥೋರು ಬರೋದು ಪೂರ್ತಿ ನಿಂತಿಲ್ಲ.

ಆಪರೇಷನ್ ಟೈಮಲ್ಲಿ ಅರಿವಳಿಕೆಗೆ ಕೆಲವು ಸಲ ಇದೇ ಗ್ಯಾಸನ್ನೂ ಕೊಡ್ತಾರೆ. ಬಿ12 ಮೊದ್ಲೇ ತಳ ಕಂಡಿರೋರಿಗೆ ಆಪರೇಷನ್ ಆಗಿ ಕೆಲವು ವಾರಕ್ಕೆ ಕಾಲು ಜೋಮು ಶುರುವಾಗೋದುಂಟು. ಹಂಗಾಗಿ ಅಮ್ಮನಿಗೆ ಮುಂದೆ ಯಾವ ಆಪರೇಷನ್ ಆದ್ರೂ ಅರಿವಳಿಕೆ ಡಾಕ್ಟರಿಗೆ ಇದನ್ನ ಮೊದ್ಲೇ ಹೇಳಿ.

ಅಡಿಕೆಚಪ್ಪರ (ಎರಡು ವಾರದ ನಂತರ)

ಅಪ್ಡೇಟ್. ಅಮ್ಮಂಗೆ ಜೋಮು ಜಾಸ್ತಿ ಆಗಿದೆ!! ಪಾದ ಉರಿ, ಸೂಜಿ ಚುಚ್ಚಿದಂಗೆ, ರಾತ್ರಿ ನಿದ್ದೆ ಇಲ್ಲ. ಇಂಜೆಕ್ಷನ್ ಬೇಡ್ವೇ ಬೇಡ ಅಂತ ಹಠ ಹಿಡ್ದಿದಾರೆ, ಪಕ್ಕದ ಮನೆಯೋರು ಬೇರೆ ಇಂಗ್ಲಿಷ್ ಔಷಧಿ ಹೀಟು ಅಂತ ಕಿವಿ ಊದಿದಾರೆ. ಏನು ಮಾಡ್ಲಿ

ತಾಲೂಕು ಡಾಕ್ಟರ್

ನಿಲ್ಸಬೇಡಿ. ಮೊದಮೊದಲು ಹಿಂಗಾಗೋದುಂಟು. ಕಾಲು ಮಡಚಿ ಕೂತು ಎದ್ದಾಗ ನೋಡಿ, ಮರಗಟ್ಟಿದ್ದ ಕಾಲಿಗೆ ಜೀವ ಬರೋವಾಗ್ಲೇ ತಾನೆ ಜುಮ್ಮು ಜಾಸ್ತಿ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ರಾತ್ರಿ ಉರಿಗೆ ಬೇರೆ ಮಾತ್ರೆ ಬರ್ಕೊಡ್ತಾರೆ. ಅಲ್ಲಿ ತನಕ ಹವಾಯಿ ಚಪ್ಪಲಿ ಬಂದ್ ಮಾಡಿ, ಹಿಮ್ಮಡಿ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಕೊಡ್ಸಿ, ಬಚ್ಚಲಿಗೆ ಹೋಗೋ ದಾರಿಲಿ ರಾತ್ರಿ ಇಡೀ ಒಂದು ಸಣ್ಣ ಲೈಟ್ ಉರೀಲಿ. ಬಿದ್ದು ಸೊಂಟ ಮುರ್ಕೊಂಡ್ರೆ ಬಿ12 ಕಟ್ಕೊಂಡು ಏನ್ ಮಾಡ್ತೀರಾ.

ಸತ್ಯವಾನ್_1962

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಆದ್ರೆ ನಮ್ಮನೆಯವಳು ಹತ್ತು ವರ್ಷದಿಂದ ಗ್ಯಾಸಿನ ಮಾತ್ರೆ ತಿಂತಾಳೆ, ನಾಳೆ ಟೆಸ್ಟ್ ಮಾಡಿಸ್ತಿದೀನಿ. ಯಾರೂ ನಗೋ ಅವಶ್ಯಕತೆ ಇಲ್ಲ.

ಪಂಪ್‌ಸೆಟ್ ಪರಮೇಶಿ

ನಕ್ಕಿಲ್ಲ ಸಾರ್. ನೀವೂ ಜೊತೆಲಿ ಒಂದು ಕೊಟ್ಬಿಡಿ ರಕ್ತ.

ಅಡಿಕೆಚಪ್ಪರ (ಐದು ತಿಂಗಳ ನಂತರ)

ತುಂಬ ಜನ ಮೆಸೇಜ್ ಮಾಡಿ ಕೇಳಿದ್ರಿ, ಲೇಟ್ ಆಯ್ತು ಸಾರಿ, ಅಡಿಕೆ ಕೊನೆ ಕೊಯ್ಲಿನ ಗಲಾಟೆ. ಬಿ12 ಈಗ ಸರಿಯಾಗಿದೆ, ಇಂಜೆಕ್ಷನ್ ತಿಂಗಳಿಗೊಂದಕ್ಕೆ ಬಂದಿದೆ, ಮೆಟ್‌ಫಾರ್ಮಿನ್ ಮುಂದುವರ್ಸಿದಾರೆ, ಗ್ಯಾಸಿನ ಮಾತ್ರೆ ಡಾಕ್ಟ್ರು ನಿಧಾನಕ್ಕೆ ಕಮ್ಮಿ ಮಾಡಿ ನಿಲ್ಸಿದ್ರು, ಮೊದಲ ಹದಿನೈದು ದಿನ ಎದೆಯುರಿ ಅಂತ ಮನೆ ಮಂದಿಗೆಲ್ಲ ಬೈದ್ರು ಆಮೇಲೆ ಸರಿಹೋಯ್ತು. ಮೊನ್ನೆ ಆ ಕವೆ ಇಟ್ಟಾಗ ಮಂಡಿ ಹತ್ರ ಗುಂಯ್ ಅನ್ನೋದು ಗೊತ್ತಾಯ್ತು, ಗಿಣ್ಣಿನ ಹತ್ರ ಸ್ವಲ್ಪ, ಹೆಬ್ಬೆರಳಲ್ಲಿ ಇನ್ನೂ ಏನೂ ಇಲ್ಲ. ಅಲ್ಲಿಗೆ ಬರದೇನೂ ಇರಬಹುದು ಅಂದಿದಾರೆ. ಕತ್ತಲಲ್ಲಿ ಈಗಲೂ ಒಂದು ಕೈ ಗೋಡೆ ಮೇಲೇ ಇರುತ್ತೆ.

ಆದ್ರೆ ಇವತ್ತು ಬೆಳಿಗ್ಗೆಯಿಂದ ಅಮ್ಮಂದು ಒಂದೇ ರಗಳೆ, ಹೊಸ ಸ್ಯಾಂಡಲ್ ಎಡಗಾಲಿನ ಹಿಮ್ಮಡಿಗೆ ಕಚ್ತಿದೆ ಅಂತೆ. ಶುಗರ್ ಇರೋ ಕಾಲು, ಗುಳ್ಳೆ ಆದ್ರೆ ಗತಿ ಏನು ಅಂತ ನನ್ನ ತಮ್ಮ ಅಮ್ಮನ ಕಾಲು ತಿರುಗಿಸಿ ನೋಡ್ತಾ ಬೈತಿದಾನೆ, ಸ್ವಲ್ಪ ಕೆಂಪಗಾಗಿದೆ ಅಷ್ಟೇ. ನಾನು ಮಾತ್ರ ಎಲ್ಲಿ ಕಚ್ತಿದೆ ಅಮ್ಮ, ಸರಿಯಾಗಿ ತೋರ್ಸು, ಇಲ್ಲೇನಾ, ಇಲ್ಲೇನಾ ಅಂತ ಮೂರು ಸಲ ಕೇಳ್ದೆ. "ನಿಂಗೇನು ತಲೆ ಕೆಟ್ಟಿದ್ಯಾ, ಕಚ್ತಿದೆ ಅಂದ್ರೆ ನಗ್ತೀಯಲ್ಲ" ಅಂತ ನಂಗೂ ಬೈದ್ರು.

ಒಂದು ಸೈಜ್ ದೊಡ್ಡದು ತರೋಕೆ ಪೇಟೆಗೆ ಹೊರಟಿದೀನಿ.